ದೆವ್ವಗಳಿಗೂ ಸಾಧ್ಯವಾಗುವ ಶಾಂತಿ

ಶಾಂತಿಯ ಮಾತು ಬಂದರೆ ಸಾಕು, ನಾವು ಬೇಗ ಉಪದೇಶಕ್ಕೆ ಇಳಿದುಬಿಡುತ್ತೇವೆ. ಮನಸ್ಸು ತಿಳಿಯಾಗಿರಬೇಕು, ಹಗೆ ಬಿಡಬೇಕು, ಎಲ್ಲರನ್ನೂ ಪ್ರೀತಿಸಬೇಕು. ಬೇಡ ಅಂತ ಯಾರೂ ಹೇಳಲ್ಲ. ಆದರೆ ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ 2024ರಲ್ಲಿ ಜಗತ್ತಿನಲ್ಲಿ 61 ಸಶಸ್ತ್ರ ಸಂಘರ್ಷಗಳು ನಡೆದವು. ಕನಿಷ್ಠ ಒಂದು ಕಡೆಯಲ್ಲಾದರೂ ಸರ್ಕಾರವೇ ಇರುವ ಸಂಘರ್ಷಗಳ ಲೆಕ್ಕ ಇದು, ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯ ಇಡುವ ಲೆಕ್ಕ. 1946ರಿಂದ ಈಚೆಗೆ ಒಂದೇ ವರ್ಷದಲ್ಲಿ ಇಷ್ಟು ಜಾಸ್ತಿ ಎಂದೂ ಆಗಿರಲಿಲ್ಲ.

ಹಾಗಾದರೆ ಜನರೇ ಕೆಟ್ಟುಹೋದರಾ? ನನಗೆ ಹಾಗನ್ನಿಸುವುದಿಲ್ಲ. ಶಾಂತಿಯನ್ನು ಒಳ್ಳೆಯತನದ ಖಾತೆಗೆ ಬರೆದಿಟ್ಟಿರುವುದೇ ನಮ್ಮ ತೊಂದರೆ. ಜರ್ಮನಿಯ ದಾರ್ಶನಿಕ ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಅದರಲ್ಲೊಂದು ತುಂಟ ಮಾತಿದೆ. ರಾಜ್ಯವೊಂದನ್ನು ಸರಿಯಾಗಿ ಕಟ್ಟಿಕೊಳ್ಳುವುದು ದೆವ್ವಗಳ ಗುಂಪಿಗೂ ಸಾಧ್ಯ, ಅವಕ್ಕೆ ಬುದ್ಧಿಯೊಂದಿದ್ದರೆ ಸಾಕು ಅನ್ನುತ್ತಾನೆ. ದೆವ್ವಗಳು ದೇವತೆಗಳಾಗಲಿ ಅಂತ ಕಾಯಬೇಕಿಲ್ಲ. ಒಬ್ಬರ ಸ್ವಾರ್ಥ ಇನ್ನೊಬ್ಬರ ಸ್ವಾರ್ಥವನ್ನು ತಡೆದು ನಿಲ್ಲಿಸುವಂಥ ಏರ್ಪಾಡು ಮಾಡಿಕೊಂಡರಾಯಿತು. ಅದೇ ಪುಸ್ತಕದ ಮೊದಲ ನಿಯಮವೂ ಖಡಕ್ಕಾಗಿದೆ. ಮುಂದಿನ ಯುದ್ಧಕ್ಕೆ ಒಂದು ನೆಪವನ್ನು ಗುಟ್ಟಾಗಿ ಉಳಿಸಿಕೊಂಡು ಮಾಡಿದ ಒಪ್ಪಂದವನ್ನು ಶಾಂತಿ ಅನ್ನಬಾರದು, ಅದು ಬರೀ ವಿರಾಮ.

ವಿರಾಮಗಳಿಗೇನೂ ಬರವಿಲ್ಲ. ಕೊರಿಯಾದಲ್ಲಿ 1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿತ್ತು. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆ 1964ರಿಂದ ನಿಂತಿದೆ. ಎರಡೂ ಕಡೆ ದಿನಾ ಗುಂಡು ಹಾರುತ್ತಿಲ್ಲ, ನಿಜ. ಆದರೆ ಅದು ಬೂದಿ ಮುಚ್ಚಿದ ಕೆಂಡ.

ಈ ವ್ಯತ್ಯಾಸಕ್ಕೆ ಒಂದು ಚೌಕಟ್ಟು ಕೊಟ್ಟವರು ನಾರ್ವೆಯ ಜೋಹಾನ್ ಗಾಲ್ಟುಂಗ್. 1959ರಲ್ಲಿ ಓಸ್ಲೋದಲ್ಲಿ ಶಾಂತಿ ಸಂಶೋಧನಾ ಸಂಸ್ಥೆ ಶುರುಮಾಡಿದವರು, 2024ರಲ್ಲಿ ತೀರಿಕೊಂಡರು. ಹೊಡೆದಾಟ ನಿಂತಿದೆ ಅನ್ನುವಷ್ಟೇ ಆದರೆ ಅದು 'ನಕಾರಾತ್ಮಕ ಶಾಂತಿ'. ಹೊಡೆದಾಟಕ್ಕೆ ಕಾರಣವಾದ ಅನ್ಯಾಯವೂ ಹೋಗಿದ್ದರೆ 'ಸಕಾರಾತ್ಮಕ ಶಾಂತಿ'. ಔಷಧಿ ಇದ್ದೂ ಬಡವನಿಗೆ ಸಿಗದೆ ಅವನು ಸತ್ತರೆ, ಯಾರೂ ಕೈ ಎತ್ತದಿದ್ದರೂ ಅಲ್ಲಿ ಹಿಂಸೆಯಿದೆ, ಅದು ವ್ಯವಸ್ಥೆಯೊಳಗಿನ ಹಿಂಸೆ ಎಂದು ಅವರು 1969ರಲ್ಲಿ ವಾದಿಸಿದರು. ಒಳ್ಳೆಯ ವಾದ. ಆದರೆ ಇದನ್ನು ಎಳೆದಷ್ಟೂ ಎಳೆಯಬಹುದು. ಜಗತ್ತಿನ ಎಲ್ಲ ಅನ್ಯಾಯವೂ ಹಿಂಸೆಯೇ ಆದರೆ, ಇವತ್ತು ಸಂಜೆ ಬೀಳಬೇಕಿದ್ದ ಬಾಂಬನ್ನು ತಡೆಯುವ ಕೆಲಸ ಸಣ್ಣದಾಗಿ ಕಾಣತೊಡಗುತ್ತದೆ. ಅದು ಸಣ್ಣ ಕೆಲಸವಲ್ಲ.

ಸಂಧಾನ ಅಂದಕೂಡಲೇ ನಮಗೆ ನೆನಪಾಗುವುದು ಕೃಷ್ಣ ಸಂಧಾನ. ಅರ್ಧ ರಾಜ್ಯ ಕೇಳಿದವರು ಕೊನೆಗೆ ಐದೂರು ಸಾಕು ಅನ್ನುವಲ್ಲಿಗೆ ಇಳಿದರೂ, ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂದ ದುರ್ಯೋಧನ. ಅದನ್ನು ಅವನ ಹಟದ ಕಥೆ ಎಂದೇ ಓದುತ್ತೇವೆ. ಆದರೆ ಇನ್ನೊಂದೂ ಇದೆ. ಮಾತೆಲ್ಲ 'ಎಷ್ಟು' ಅನ್ನುವುದರ ಸುತ್ತಲೇ ಸುತ್ತಿತು. ಅವನಿಗೆ ಯಾವುದರ ಭಯ ಅನ್ನುವುದು ಸಭೆಯ ಮುಂದೆ ಬರಲೇ ಇಲ್ಲ. ಸಂಧಾನಕ್ಕೆ ಬಂದವನೂ ಒಂದು ಕಡೆಗೆ ಬೇಕಾದವನೇ ಅಲ್ವಾ!

1978ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಈಜಿಪ್ಟಿನ ಅನ್ವರ್ ಸಾದತ್, ಇಸ್ರೇಲಿನ ಮೆನಾಹೆಮ್ ಬೆಗಿನ್, ನಡುವೆ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್. ಜಗಳ ಸಿನಾಯ್ ಮರುಭೂಮಿಯದು. 1967ರ ಯುದ್ಧದಲ್ಲಿ ಇಸ್ರೇಲ್ ಅದನ್ನು ಹಿಡಿದುಕೊಂಡಿತ್ತು. ಒಂದಿಂಚೂ ಬಿಡೆ ಅಂತ ಸಾದತ್. ಪೂರ್ತಿ ಕೊಡಲಾಗದು ಅಂತ ಬೆಗಿನ್. ಗೆರೆ ಎಲ್ಲಿ ಎಳೆದರೂ ಒಬ್ಬರಿಗೆ ಒಪ್ಪಿಗೆಯಿಲ್ಲ. ಯಾಕೆ ಬೇಕು ಅಂತ ಕೇಳಿದಾಗ ಉತ್ತರ ಬೇರೆ ಬೇರೆ ಬಂತು. ಈಜಿಪ್ಟಿಗೆ ಅದು ತನ್ನ ನೆಲ ಅನ್ನುವ ಮಾನದ ಪ್ರಶ್ನೆ. ಇಸ್ರೇಲಿಗೆ ಮಾತ್ರ, ಈಜಿಪ್ಟಿನ ಟ್ಯಾಂಕುಗಳು ಗಡಿಯ ಪಕ್ಕ ಬಂದು ನಿಲ್ಲಬಾರದು ಅನ್ನುವ ಚಿಂತೆ. ಅಂದರೆ ಇಬ್ಬರೂ ಕೇಳುತ್ತಿದ್ದದ್ದು ಒಂದೇ ವಸ್ತುವನ್ನಲ್ಲ. ನೆಲವೆಲ್ಲ ಈಜಿಪ್ಟಿಗೆ ಹೋಯಿತು. ಆದರೆ ಅದನ್ನು ವಲಯಗಳಾಗಿ ಹಂಚಿ, ಎಲ್ಲಿ ಎಷ್ಟು ಸೈನ್ಯ ಇರಬಹುದು ಅನ್ನುವುದಕ್ಕೆ ಮಿತಿ ಹಾಕಿದರು. ನೋಡಿಕೊಳ್ಳಲು ಹೊರಗಿನವರ ಪಡೆಯೊಂದನ್ನು 1982ರಲ್ಲಿ ತಂದು ನಿಲ್ಲಿಸಿದರು. ಅದು ಈಗಲೂ ಅಲ್ಲಿದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಅಲ್ಲಿ ಕೆಲಸ ನಡೆದ ರೀತಿಯೂ ಗಮನಿಸುವಂಥದ್ದು. ಮೊದಲ ಮೂರು ದಿನ ಸಾದತ್, ಬೆಗಿನ್ ಎದುರುಬದುರು ಕೂತು ಕೂಗಾಡಿದ್ದೇ ಬಂತು. ಆಮೇಲೆ ಕಾರ್ಟರ್ ಅವರಿಬ್ಬರನ್ನು ಒಟ್ಟಿಗೆ ಚರ್ಚೆಗೆ ಕೂರಿಸಲೇ ಇಲ್ಲ. ಒಂದು ಕರಡು ಬರೆದು ಒಬ್ಬರ ಬಳಿ ಒಯ್ಯುವುದು, ಎಲ್ಲಿ ಚುಚ್ಚುತ್ತದೆ ಅಂತ ಕೇಳುವುದು, ತಿದ್ದಿ ಇನ್ನೊಬ್ಬರ ಬಳಿ ಒಯ್ಯುವುದು. 13 ದಿನದಲ್ಲಿ ಹೀಗೆ 23 ಕರಡುಗಳಾದವು. 'ಒಪ್ಪಿಕೋ' ಅಂತ ಯಾರಿಗೂ ಹೇಳುವಂತಿಲ್ಲ, 'ತಪ್ಪೆಲ್ಲಿದೆ ಹೇಳು' ಅಂತ ಮಾತ್ರ. ತಪ್ಪು ಹುಡುಕುವುದು ಎಂಥ ವೈರಿಗೂ ಇಷ್ಟದ ಕೆಲಸ!

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಕ್ಯಾಂಪ್ ಡೇವಿಡ್‌ನ ಇನ್ನರ್ಧ ಒಪ್ಪಂದ ಪ್ಯಾಲೆಸ್ಟೀನಿಯರ ಬಗ್ಗೆ ಇತ್ತು. ಅವರ ಪರವಾಗಿ ಕೂತು ಮಾತಾಡಿದವರು ಅಲ್ಲಿ ಯಾರೂ ಇರಲಿಲ್ಲ. ಆ ಅರ್ಧ ಕಾಗದದಲ್ಲೇ ಉಳಿಯಿತು, ಅದರ ಫಲವನ್ನು ಇವತ್ತಿಗೂ ನೋಡುತ್ತಿದ್ದೇವೆ. 2020ರ ಫೆಬ್ರುವರಿಯಲ್ಲಿ ದೋಹಾದಲ್ಲಿ ಅಮೆರಿಕ ಮತ್ತು ತಾಲಿಬಾನ್ ಒಪ್ಪಂದ ಮಾಡಿಕೊಂಡಾಗಲೂ ಆಗಿನ ಅಫ್ಗನ್ ಸರ್ಕಾರ ಹೊರಗೇ ಇತ್ತು. ಮರುವರ್ಷ ಆಗಸ್ಟ್‌ನಲ್ಲಿ ಕಾಬೂಲ್ ಬಿತ್ತು.

ಎರಡು ದೇಶಗಳ ಜಗಳಕ್ಕಿಂತ ಒಂದೇ ದೇಶದೊಳಗಿನ ಜಗಳ ಬಿಡಿಸುವುದು ಕಷ್ಟ. ರಾಜ್ಯಶಾಸ್ತ್ರಜ್ಞೆ ಬಾರ್ಬರಾ ವಾಲ್ಟರ್ ಲೆಕ್ಕ ಹಾಕಿದ ಪ್ರಕಾರ, 1940ರಿಂದ 1990ರವರೆಗೆ ದೇಶ ದೇಶಗಳ ನಡುವಿನ ಯುದ್ಧಗಳಲ್ಲಿ ಶೇ 55ರಷ್ಟು ಮಾತುಕತೆಯಲ್ಲಿ ಮುಗಿದವು. ಅಂತರ್ಯುದ್ಧಗಳಲ್ಲಿ ಬರೀ ಶೇ 20. ಅವರಿಗೆ ಹಗೆತನ ಜಾಸ್ತಿ ಅಂತಲ್ಲ. ಯುದ್ಧ ಮುಗಿದ ಮೇಲೆ ಎರಡು ದೇಶಗಳು ತಮ್ಮ ತಮ್ಮ ಗಡಿಯೊಳಗೆ, ತಮ್ಮ ಸೈನ್ಯದ ಜೊತೆ ಇರಬಹುದು. ಅಂತರ್ಯುದ್ಧದಲ್ಲಿ ಒಂದು ಗುಂಪು ಆಯುಧ ಕೆಳಗಿಟ್ಟು ವೈರಿಯ ಸರ್ಕಾರದಡಿ ಬದುಕಬೇಕು. ಇಟ್ಟ ಮರುದಿನ ಅವರು ಮಾತಿಗೆ ತಪ್ಪಿದರೆ? ಒಪ್ಪಂದದ ಶರತ್ತು ಎಷ್ಟೇ ಚೆನ್ನಾಗಿರಲಿ, ಆ ಒಂದು ರಾತ್ರಿಯ ಭಯಕ್ಕೆ ಉತ್ತರ ಇಲ್ಲದಿದ್ದರೆ ಯಾರೂ ಸಹಿ ಹಾಕಲ್ಲ.

ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಕೊಲಂಬಿಯಾದಲ್ಲಿ 1985ರಲ್ಲಿ ಫಾರ್ಕ್ ಗೆರಿಲ್ಲಾಗಳ ಜೊತೆ ಶಾಂತಿ ಮಾತುಕತೆ ನಡೆದಾಗ 'ದೇಶಭಕ್ತರ ಒಕ್ಕೂಟ' ಅನ್ನುವ ಪಕ್ಷ ಹುಟ್ಟಿತು. ಬಂದೂಕು ಬಿಟ್ಟು ಚುನಾವಣೆಗೆ ಬರಲು ಅದೊಂದು ಬಾಗಿಲು. ಮುಂದಿನ ವರ್ಷಗಳಲ್ಲಿ ಆ ಪಕ್ಷದವರನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದರು. ಅದಕ್ಕೆ ಕೊಲಂಬಿಯಾ ಸರ್ಕಾರವೇ ಹೊಣೆ ಎಂದು ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯ 2023ರಲ್ಲಿ ತೀರ್ಪು ಪ್ರಕಟಿಸಿತು. ಒಮ್ಮೆ ಹೀಗಾದ ಮೇಲೆ ಆಯುಧ ಕೆಳಗಿಡುವ ಒಪ್ಪಂದಕ್ಕೆ 2016ರವರೆಗೆ ಕಾಯಬೇಕಾಯಿತು.

2016ರಲ್ಲೂ ಸುಲಭವಾಗಲಿಲ್ಲ. ಒಪ್ಪಂದವನ್ನು ಜನಮತಕ್ಕೆ ಹಾಕಿದರು. ಶೇ 50.2ರಷ್ಟು ಜನ ಬೇಡ ಅಂದರು. ಕೊಂದವರಿಗೆ ಜೈಲೇ ಇಲ್ಲ ಅನ್ನುವುದು ದೊಡ್ಡ ಆಕ್ಷೇಪ. ನಡೆದದ್ದನ್ನೆಲ್ಲ ಪೂರ್ತಿ ಒಪ್ಪಿಕೊಂಡವರಿಗೆ 5ರಿಂದ 8 ವರ್ಷ ಓಡಾಟದ ಮೇಲೆ ನಿರ್ಬಂಧ, ಮುಚ್ಚಿಟ್ಟವರಿಗೆ 20 ವರ್ಷದವರೆಗೆ ಜೈಲು ಎಂಬುದು ಅಲ್ಲಿನ ಏರ್ಪಾಡು. ಇದು ನ್ಯಾಯವಾ? ಪೂರ್ತಿ ಅಲ್ಲ. ಆದರೆ ಬೊಜಾಯಾ ಎಂಬ ಊರಿನ ಮತ ನೋಡಿ. 2002ರಲ್ಲಿ ಅಲ್ಲಿನ ಚರ್ಚಿನೊಳಗೆ ಅವಿತಿದ್ದ ಜನರ ಮೇಲೆ ಫಾರ್ಕ್‌ನವರ ಬಾಂಬ್ ಬಿದ್ದು ಮಕ್ಕಳು ಮರಿ ಸೇರಿ ಎಷ್ಟೋ ಜನ ಸತ್ತಿದ್ದರು. ಆ ಊರು ಒಪ್ಪಂದದ ಪರವಾಗಿ ಶೇ 96ರಷ್ಟು ಮತ ಹಾಕಿತು. ದೂರದ ನಗರಗಳಲ್ಲಿ ಕೂತವರಿಗೆ ಶಿಕ್ಷೆ ಮುಖ್ಯ ಅನ್ನಿಸಿತು, ಹತ್ತಿರದಿಂದ ಕಂಡವರಿಗೆ ಇನ್ನೊಂದು ಬಾಂಬ್ ಬೀಳದಿರುವುದು ಮುಖ್ಯ ಅನ್ನಿಸಿತು. ತಿದ್ದಿದ ಒಪ್ಪಂದ ನವೆಂಬರ್‌ನಲ್ಲಿ ಆಯಿತು. ಆಯುಧ ಇಟ್ಟವರಲ್ಲಿ 400ಕ್ಕೂ ಹೆಚ್ಚು ಜನ ಆಮೇಲೆ ಕೊಲೆಯಾಗಿದ್ದಾರೆ. ಹಳೆಯ ಭಯ ಪೂರ್ತಿ ಸುಳ್ಳಾಗಲಿಲ್ಲ.

ಭಯಕ್ಕೆ ಮದ್ದು ಹುಡುಕಿದ ಕಥೆ ಬೇಕಾದರೆ ಉತ್ತರ ಐರ್ಲೆಂಡಿನದು ನೋಡಬೇಕು. 30 ವರ್ಷದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತ ಜಗಳ. 1998ರ ಏಪ್ರಿಲ್ 10ರಂದು ಒಪ್ಪಂದವಾಯಿತು. ಅದನ್ನು ಮಾಡಿಕೊಂಡವರಲ್ಲಿ ಒಬ್ಬರಾದ, ಬ್ರಿಟನ್ ಜೊತೆಗೇ ಇರಬೇಕೆನ್ನುವವರ ನಾಯಕ ಡೇವಿಡ್ ಟ್ರಿಂಬಲ್, ಐರ್ಲೆಂಡಿಗೆ ಸೇರಬೇಕೆನ್ನುವವರ ನಾಯಕ ಜೆರಿ ಆಡಮ್ಸ್ ಜೊತೆ ಆ ಮಾತುಕತೆಯಲ್ಲಿ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಎಲ್ಲ ನಡುವಿನವರ ಮೂಲಕವೇ. ಮನಸ್ಸು ಕರಗಿ ಅಪ್ಪಿಕೊಂಡ ದೃಶ್ಯ ಅಲ್ಲಿ ಹುಡುಕಿದರೂ ಸಿಗಲ್ಲ. ಈ ನಾಡು ಬ್ರಿಟನ್ನಿಗೆ ಸೇರಬೇಕೋ ಐರ್ಲೆಂಡಿಗೋ ಅನ್ನುವ ಮೂಲ ಪ್ರಶ್ನೆಯನ್ನೂ ಅವರು ಬಗೆಹರಿಸಲಿಲ್ಲ. ಬಹುಮತ ಬಯಸಿದಾಗ ಮಾತ್ರ ಬದಲಾಗಲಿ, ಅಲ್ಲಿಯವರೆಗೆ ಅಲ್ಲಿ ಹುಟ್ಟಿದವರು ಬ್ರಿಟಿಷರು ಅಂತಲೋ ಐರಿಷ್ ಅಂತಲೋ ಎರಡೂ ಅಂತಲೋ ಹೇಳಿಕೊಳ್ಳಲಿ ಅಂದರು. ಜಗಳ ಹಾಗೇ ಉಳಿಯಿತು, ಅದನ್ನು ಆಡುವ ಜಾಗ ಬೇರೆಯಾಯಿತು. ನನಗೆ ಶಾಂತಿಯ ತತ್ತ್ವ ಇಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಂಡಿಲ್ಲ.

ಆದರೆ ಆಯುಧದ ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಂಡಿತು. 2000ದ ಮೇ ಒಳಗೆ ಐರ್ಲೆಂಡಿಗೆ ಸೇರಲು ಬಂದೂಕು ಹಿಡಿದಿದ್ದ ಗುಂಪು ಐಆರ್‌ಎ ತನ್ನ ಆಯುಧಗಳನ್ನೆಲ್ಲ ನಾಶಮಾಡಬೇಕಿತ್ತು, ಆಗಲಿಲ್ಲ. ಇದರಿಂದ ಜಂಟಿ ಸರ್ಕಾರ ಮತ್ತೆ ಮತ್ತೆ ನಿಂತಿತು. 2004ರಲ್ಲಿ ಇನ್ನೇನು ಆಯಿತು ಅನ್ನುವಾಗ ಫೋಟೊ ವಿಷಯಕ್ಕೆ ಮುರಿಯಿತು. ಆಯುಧ ನಾಶ ಮಾಡುವ ಫೋಟೊ ಬೇಕೇ ಬೇಕು ಅಂತ ಬ್ರಿಟನ್ ಪರದ ಕಟ್ಟಾ ನಾಯಕ ಇಯಾನ್ ಪೈಸ್ಲಿ ಪಟ್ಟುಹಿಡಿದರು, ಐಆರ್‌ಎಯವರಿಗೆ ಅವಮಾನ ಆಗಲೇಬೇಕು ಅಂತ ಬಹಿರಂಗವಾಗಿಯೇ ಹೇಳಿದರು. ಫೋಟೊ ತೆಗೆಸಿಕೊಂಡರೆ ಅದು ಶರಣಾಗತಿ, ಆಗದು ಅಂತ ಐಆರ್‌ಎ. ಇಲ್ಲಿ ಬಂದೂಕಿನ ಲೆಕ್ಕಕ್ಕಿಂತ ಮುಖ ಉಳಿಸಿಕೊಳ್ಳುವ ಲೆಕ್ಕ ದೊಡ್ಡದಾಗಿತ್ತು.

2005ರ ಸೆಪ್ಟೆಂಬರ್‌ನಲ್ಲಿ ಸಿಕ್ಕ ದಾರಿ ಇದು. ಕೆನಡಾದ ನಿವೃತ್ತ ಜನರಲ್ ಜಾನ್ ಡಿ ಚಾಸ್ಟಿಲೇನ್ ನೇತೃತ್ವದ ಸ್ವತಂತ್ರ ಆಯೋಗದ ಎದುರು ಆಯುಧಗಳ ನಾಶ. ಫೋಟೊ ಇಲ್ಲ. ಬದಲಿಗೆ ಇಬ್ಬರು ಸಾಕ್ಷಿಗಳು. ಒಬ್ಬರು ಪ್ರಾಟೆಸ್ಟೆಂಟ್ ಪಾದ್ರಿ ಹೆರಾಲ್ಡ್ ಗುಡ್, ಇನ್ನೊಬ್ಬರು ಕ್ಯಾಥೊಲಿಕ್ ಪಾದ್ರಿ ಅಲೆಕ್ ರೀಡ್. ಇಬ್ಬರೂ ಕಣ್ಣಾರೆ ಕಂಡು ಬಂದು ಹೇಳಿದರು. ಅನುಮಾನವಿದ್ದವರಿಗೆ ಸಾಕ್ಷಿ ಸಿಕ್ಕಿತು, ಆಯುಧ ಕೊಟ್ಟವರಿಗೆ ಅವಮಾನದ ಚಿತ್ರವೊಂದು ಉಳಿಯಲಿಲ್ಲ. ಪೈಸ್ಲಿಗೆ ಅದು ಸಾಲಲಿಲ್ಲ, ಗೊಣಗಿದರು. ಆದರೆ 2007ರ ಮೇ 8ರಂದು ಅದೇ ಪೈಸ್ಲಿ ಸರ್ಕಾರದ ಮುಖ್ಯಸ್ಥರಾದರು, ಐಆರ್‌ಎ ಕಮಾಂಡರ್ ಆಗಿದ್ದ ಮಾರ್ಟಿನ್ ಮೆಕ್‌ಗಿನ್ನೆಸ್ ಅವರ ಜೊತೆಗಾರರಾದರು. ಇಬ್ಬರೂ ಒಟ್ಟಿಗೆ ಎಷ್ಟು ನಗುತ್ತಿದ್ದರೆಂದರೆ ಪತ್ರಿಕೆಗಳು ಅವರಿಗೆ ಅಡ್ಡಹೆಸರನ್ನೇ ಇಟ್ಟವು. ಆ ಸ್ನೇಹ ಒಪ್ಪಂದದಿಂದ ಹುಟ್ಟಿತು, ಒಪ್ಪಂದ ಸ್ನೇಹದಿಂದ ಹುಟ್ಟಿದ್ದಲ್ಲ.

ಇಲ್ಲಿಯವರೆಗೆ ಹೇಳಿದ್ದು ಬಲ ಸರಿಸುಮಾರು ಸಮನಾಗಿದ್ದಾಗಿನ ಕಥೆ. ಎದುರಾಳಿಗೆ ಕೂತು ಮಾತಾಡುವ ಅಗತ್ಯವೇ ಇಲ್ಲದಿದ್ದರೆ? ಆಗ ಅಹಿಂಸಾ ಹೋರಾಟ ಬರುತ್ತದೆ. ಉಪ್ಪಿನ ಸತ್ಯಾಗ್ರಹ ನಮಗೆಲ್ಲ ಗೊತ್ತಿರುವುದೇ. ಅದರಲ್ಲಿ ನಾನು ಮುಖ್ಯ ಅಂದುಕೊಂಡಿರುವುದು ನಡಿಗೆಗಿಂತ ಮೊದಲಿನದು. 1930ರ ಮಾರ್ಚ್ 2ರಂದು ಗಾಂಧೀಜಿ ವೈಸ್‌ರಾಯ್ ಇರ್ವಿನ್‌ಗೆ 'ಪ್ರಿಯ ಮಿತ್ರ' ಎಂದು ಶುರುಮಾಡಿ ಪತ್ರ ಬರೆದು, ಉಪ್ಪಿನ ಕಾನೂನು ಮುರಿಯುತ್ತೇನೆ, ಯಾವತ್ತು ಶುರುಮಾಡುತ್ತೇನೆ ಅಂತ ಮೊದಲೇ ತಿಳಿಸಿದರು. ಗುಟ್ಟೇ ಇಲ್ಲ. ಎದುರಾಳಿಯ ಅಧಿಕಾರಕ್ಕೆ ಸವಾಲು, ಅವನ ಜೀವಕ್ಕೆ ಅಭಯ. ಈ ಎರಡನ್ನೂ ಒಟ್ಟಿಗೆ ಮಾಡುವುದೇ ಸತ್ಯಾಗ್ರಹದ ಚಾತುರ್ಯ. ಮರುವರ್ಷ ಮಾರ್ಚ್‌ನಲ್ಲಿ ಇಬ್ಬರೂ ಕೂತು ಒಪ್ಪಂದ ಮಾಡಿಕೊಂಡರು.

ಇದರ ಹಿಂದಿನ ತರ್ಕವನ್ನು ಅಮೆರಿಕದ ಜೀನ್ ಶಾರ್ಪ್ 1973ರಲ್ಲಿ ಬಿಡಿಸಿಟ್ಟರು. ಆಳುವವನ ಬಲ ಅವನ ತೋಳಲ್ಲಿಲ್ಲ. ಗುಮಾಸ್ತ ಕಡತ ಮುಂದೆ ಕಳಿಸುವುದರಲ್ಲಿ, ಪೊಲೀಸ್ ಲಾಠಿ ಎತ್ತುವುದರಲ್ಲಿ, ಜನ ತೆರಿಗೆ ಕಟ್ಟುವುದರಲ್ಲಿದೆ. ಅವರು ಕೈಬಿಟ್ಟರೆ ಅವನು ಒಬ್ಬಂಟಿ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ 1900ರಿಂದ 2006ರವರೆಗಿನ 323 ಚಳವಳಿಗಳನ್ನು ಅಳೆದು ನೋಡಿದರು. ಅಹಿಂಸೆಯ ದಾರಿಯಲ್ಲಿ ಶೇ 53 ಗೆದ್ದಿದ್ದವು, ಬಂದೂಕಿನ ದಾರಿಯಲ್ಲಿ ಶೇ 26. ಮುದುಕರು, ಹೆಂಗಸರು, ಅಂಗಡಿಯವರು ಎಲ್ಲರೂ ಸೇರಬಹುದಾದ್ದರಿಂದ ಗುಂಪು ದೊಡ್ಡದಾಗುತ್ತದೆ, ಪೊಲೀಸರಿಗೆ ತಮ್ಮವರೇ ಎದುರು ಕಾಣತೊಡಗುತ್ತಾರೆ.

ಈ ಅಂಕಿಯನ್ನು ಎಲ್ಲರೂ ಖುಷಿಯಿಂದ ಹಂಚಿಕೊಳ್ಳುತ್ತಾರೆ. ಚೆನೊವೆತ್ ಅವರೇ 2020ರಲ್ಲಿ ಕೊಟ್ಟ ಇನ್ನೊಂದು ಅಂಕಿ ಅಷ್ಟಾಗಿ ಓಡಾಡುವುದಿಲ್ಲ. 2010ರ ನಂತರ ಅಹಿಂಸಾ ಚಳವಳಿಗಳ ಗೆಲುವು ಶೇ 34ಕ್ಕಿಂತ ಕೆಳಗಿಳಿದಿದೆ. ಬಂದೂಕಿನದು ಇನ್ನೂ ಕೆಳಗೆ, ಸುಮಾರು ಶೇ 8. ಹಾಂಗ್‌ಕಾಂಗ್, ಬೆಲಾರುಸ್, ಮ್ಯಾನ್ಮಾರ್ ಎಲ್ಲ ಕಡೆ ಜನ ಲಕ್ಷಗಟ್ಟಲೆ ಬೀದಿಗಿಳಿದರು, ಆಳುವವರು ಜಗ್ಗಲಿಲ್ಲ. ಮೊಬೈಲ್‌ನಲ್ಲಿ ಜನರನ್ನು ಒಂದೇ ದಿನದಲ್ಲಿ ಸೇರಿಸಬಹುದು. ಅದೇ ಮೊಬೈಲ್ ಹಿಡಿದು ಅವರನ್ನೆಲ್ಲ ಪತ್ತೆಹಚ್ಚಲೂಬಹುದು. ಮೆರವಣಿಗೆ ಸುಲಭವಾಯಿತು, ತಿಂಗಳುಗಟ್ಟಲೆ ಅಸಹಕಾರ ನಡೆಸುವ ಸಂಘಟನೆ ಬೆಳೆಯಲಿಲ್ಲ.

ಅಹಿಂಸಾ ಹೋರಾಟ ಮತ್ತು ಸಂಧಾನ ಎರಡೂ ಒಂದೇ ಕಡೆ ಸೇರಿದ ಉದಾಹರಣೆ ಲೈಬೀರಿಯಾ. 14 ವರ್ಷದ ಅಂತರ್ಯುದ್ಧ ಅದು. 2003ರಲ್ಲಿ ಲೇಮಾ ಬೋವೀ ಎಂಬಾಕೆಯ ಮುಂದಾಳ್ತನದಲ್ಲಿ ಕ್ರೈಸ್ತ, ಮುಸ್ಲಿಂ ಹೆಂಗಸರು ಬಿಳಿ ಟಿ-ಶರ್ಟ್ ಹಾಕಿ ಮನ್ರೋವಿಯಾದ ಮೀನು ಮಾರುಕಟ್ಟೆಯ ಬಳಿ ದಿನಾ ಕೂತರು. ಘಾನಾದ ಅಕ್ರಾದಲ್ಲಿ ಮಾತುಕತೆ ವಾರಗಟ್ಟಲೆ ಎಳೆಯಿತು. ನಾಯಕರಿಗೆ ಹೋಟೆಲ್ ವಾಸ, ಊರಲ್ಲಿ ಹೆಣ ಬೀಳುತ್ತಿತ್ತು. ಕೊನೆಗೆ ಸುಮಾರು 200 ಹೆಂಗಸರು ಸಭೆಯ ಬಾಗಿಲಿಗೆ ಅಡ್ಡ ಕೂತು, ಮುಗಿಸದೆ ಯಾರನ್ನೂ ಹೊರಗೆ ಬಿಡಲ್ಲ ಅಂದರು. ಕಾವಲಿನವರು ಬಂಧಿಸಲು ಬಂದಾಗ ಬೋವೀ ಬಟ್ಟೆ ಕಳಚುತ್ತೇನೆ ಅಂತ ನಿಂತಳು. ತಾಯಿಯೊಬ್ಬಳು ಹಾಗೆ ಮಾಡಿದರೆ ನೋಡಿದವರಿಗೆ ಶಾಪ ಎಂಬ ನಂಬಿಕೆ ಅಲ್ಲಿನದು. ಸಂಧಾನಕಾರರಾಗಿದ್ದ ನೈಜೀರಿಯಾದ ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್ ಹೊರಗೆ ಬಂದು ಹೆಂಗಸರ ಜೊತೆ ಮಾತಾಡಿದರು. ಕೆಲವೇ ವಾರಗಳಲ್ಲಿ, ಆಗಸ್ಟ್ 18ರಂದು, ಒಪ್ಪಂದವಾಯಿತು.

ಹೆಂಗಸರೇ ಯುದ್ಧ ನಿಲ್ಲಿಸಿದರು ಅಂದರೆ ಕೇಳಲು ಚೆಂದ, ಆದರೆ ಅರ್ಧ ಸತ್ಯ. ಅಧ್ಯಕ್ಷ ಚಾರ್ಲ್ಸ್ ಟೇಲರ್ ಮೇಲೆ ಅಂತರರಾಷ್ಟ್ರೀಯ ಆರೋಪಪಟ್ಟಿ ಬಂದಿತ್ತು, ಬಂಡಾಯಗಾರರು ರಾಜಧಾನಿಯ ಬಾಗಿಲಿಗೇ ಬಂದಿದ್ದರು, ಪಶ್ಚಿಮ ಆಫ್ರಿಕಾ ದೇಶಗಳ ಪಡೆ ಇಳಿದಿತ್ತು. ಮುಖ್ಯವಾಗಿ, ಸಹಿ ಬಿದ್ದ ಮೇಲೆ ವಿಶ್ವಸಂಸ್ಥೆ 15,000 ಸೈನಿಕರವರೆಗಿನ ಪಡೆ ಕಳಿಸಿ 2018ರವರೆಗೂ ಅಲ್ಲೇ ಉಳಿಯಿತು. ಭಾರತದ ಮಹಿಳಾ ಪೊಲೀಸ್ ತುಕಡಿಯೂ 2007ರಿಂದ ಒಂಬತ್ತು ವರ್ಷ ಅಲ್ಲಿತ್ತು. ವಿಶ್ವಸಂಸ್ಥೆಯ ಪಡೆ ಹೊರಟ ವರ್ಷ ಲೈಬೀರಿಯಾದಲ್ಲಿ ಚುನಾವಣೆಯ ಮೂಲಕ ಅಧಿಕಾರ ಕೈ ಬದಲಾಯಿತು, 2024ರಲ್ಲಿ ಮತ್ತೊಮ್ಮೆ.

ಈಗಿನ ಕೊರತೆ ಇರುವುದು ಇಲ್ಲೇ, ಸಹಿಯ ನಂತರ ನಡುವೆ ನಿಲ್ಲುವವರದು. ಜಗತ್ತು 2024ರಲ್ಲಿ ಸೈನ್ಯಕ್ಕೆ ಖರ್ಚು ಮಾಡಿದ್ದು 2.7 ಲಕ್ಷ ಕೋಟಿ ಡಾಲರ್. ವಿಶ್ವಸಂಸ್ಥೆಯ ಶಾಂತಿಪಾಲನೆಯ ಆ ಸಾಲಿನ ಬಜೆಟ್ ಸುಮಾರು 560 ಕೋಟಿ ಡಾಲರ್. ಅಂದರೆ ಸಾವಿರಕ್ಕೆ ಎರಡು. 2014ರಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯಕ್ಕೆ ಕಳಿಸಿದ ಮೇಲೆ ಅಂಥ ದೊಡ್ಡ ಹೊಸ ಪಡೆಯನ್ನು ವಿಶ್ವಸಂಸ್ಥೆ ಎಲ್ಲಿಗೂ ಕಳಿಸಿಲ್ಲ. ಮಾಲಿಯಿಂದ 2023ರಲ್ಲಿ ಹೊರಬಿತ್ತು, ಲೆಬನಾನ್‌ನ ಪಡೆಯ ಕೆಲಸವನ್ನು 2026ರ ಕೊನೆಗೆ ನಿಲ್ಲಿಸಲು ಭದ್ರತಾ ಮಂಡಳಿ ತೀರ್ಮಾನಿಸಿದೆ. ಕತಾರ್, ಟರ್ಕಿ, ಸೌದಿಯಂಥ ದೇಶಗಳು ಈಗ ಸಂಧಾನಕ್ಕೆ ಮುಂದೆ ಬರುತ್ತಿವೆ. ಎದುರಾಳಿಗಳನ್ನು ಒಂದೇ ಕಟ್ಟಡಕ್ಕೆ ಕರೆತರುವುದರಲ್ಲಿ ಅವು ಜಾಣ. ಆದರೆ ಸಹಿಯಾದ ಮೇಲೆ ಹದಿನೈದು ವರ್ಷ ಕಾಯುವ ಕೆಲಸ ಬೇರೆ.

ಮೂರನೆಯವರು ಬಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತಲೂ ಇಲ್ಲ. ಅರ್ಮೇನಿಯಾ, ಅಜರ್‌ಬೈಜಾನ್ ಕಿತ್ತಾಡುತ್ತಿದ್ದ ನಗೋರ್ನೊ ಕರಾಬಾಖ್ ಪ್ರದೇಶದಲ್ಲಿ 1994ರ ಕದನವಿರಾಮ 26 ವರ್ಷ ವಿರಾಮವಾಗಿಯೇ ಉಳಿದು, 2020ರಲ್ಲಿ 44 ದಿನದ ಯುದ್ಧವಾಯಿತು. ಆಮೇಲೆ ರಷ್ಯಾದ ಸುಮಾರು 2,000 ಶಾಂತಿಪಾಲಕರು ಬಂದರು. 2023ರ ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನ್ ಒಂದೇ ದಿನದಲ್ಲಿ ಆ ಪ್ರದೇಶ ಹಿಡಿದಾಗ ಅವರಿಂದ ಏನೂ ಆಗಲಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಮನೆ ಬಿಟ್ಟು ಓಡಿದರು. 2025ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಎರಡೂ ದೇಶಗಳು ಶಾಂತಿ ಒಪ್ಪಂದದ ಕರಡಿಗೆ ಒಪ್ಪಿಗೆಯ ಗುರುತು ಹಾಕಿದವು. ಅಂತಿಮ ಸಹಿಗೆ ಮೊದಲು ಅರ್ಮೇನಿಯಾ ತನ್ನ ಸಂವಿಧಾನ ತಿದ್ದಲಿ ಎಂದು ಅಜರ್‌ಬೈಜಾನ್ ಪಟ್ಟುಹಿಡಿಯಿತು. ಆ ಕರಡಿನ ಪ್ರಕಾರ ಗಡಿಯುದ್ದಕ್ಕೂ ಬೇರೆ ಯಾವ ದೇಶದ ಪಡೆಯೂ ಇರುವಂತಿಲ್ಲ. ಜಾರಿ ನೋಡಿಕೊಳ್ಳಲು ಎರಡೂ ಕಡೆಯವರೇ ಸೇರಿದ ಆಯೋಗವಿರುತ್ತದೆ. ಅದರಲ್ಲಿ ಮೂರನೆಯವರಿಗೆ ಜಾಗವಿಲ್ಲ.